ಬಶೀರ್‌ಬಾಗಿನಲ್ಲಿ ಅಸ್ತಮಿಸಿದ ಗಾನಭಾನು: ಉಸ್ತಾದ್ ಬಡೇ ಗುಲಾಂ ಅಲಿ ಖಾನ್

ಭಾಗ್ಯನಗರದ ಬಶೀರ್‌ಬಾಗ್ ಇಂದು ಕಚೇರಿಗಳಿಂದಲೂ ಅಂಗಡಿಗಳಿಂದಲೂ ವಾಹನಗಳ ದಟ್ಟಣೆಯಿಂದಲೂ ತುಂಬಿಹೋದ ಪ್ರದೇಶ. ಆ ಹೆಸರಿಗೆ ಕಾರಣವಾದ ಅರಮನೆ ಈಗ ಅಲ್ಲಿಲ್ಲ. ನಿಜಾಮರ ಕಾಲದಲ್ಲಿ ಬಶೀರ್-ಉದ್-ದೌಲಾ ಎಂಬ ಬಿರುದು ಪಡೆದಿದ್ದ ಪೈಗಾ ಮನೆತನದ ಸರ್ ಆಸ್ಮಾನ್ ಜಾಹ್ ಅವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ ಆ ಸೌಧ ಕಾಲಗರ್ಭವನ್ನು ಸೇರಿತು. ಆದರೆ ಅಲ್ಲಿಯ ಮುಖ್ಯ ರಸ್ತೆಗೆ ಇಟ್ಟಿರುವ ಹೆಸರು ಒಂದು ಸಂಗತಿಯನ್ನು ಉಳಿಸಿಕೊಂಡಿದೆ. ಇಪ್ಪತ್ತನೆಯ ಶತಮಾನದ ಹಿಂದುಸ್ತಾನಿ ಗಾಯಕರಲ್ಲಿ ಅಗ್ರಗಣ್ಯರಾದ ಉಸ್ತಾದ್ ಬಡೇ ಗುಲಾಂ ಅಲಿ ಖಾನರು ತಮ್ಮ ಬಾಳಿನ ಕೊನೆಯ ದಿನಗಳನ್ನು ಕಳೆದದ್ದು ಇದೇ ಬಶೀರ್‌ಬಾಗ್ ಅರಮನೆಯಲ್ಲಿ. 1968ರ ಏಪ್ರಿಲ್ ತಿಂಗಳಲ್ಲಿ ಅವರು ದೇಹತ್ಯಾಗ ಮಾಡಿದ್ದೂ ಇಲ್ಲಿಯೇ. ಇಸ್ಲಾಂ ಮತದಲ್ಲಿ ಹುಟ್ಟಿ, ಪಹಾಡಿ ರಾಗದಲ್ಲಿ ಹರಿ ಓಂ ತತ್ಸತ್ ಎಂಬ ಭಜನೆಯನ್ನು ಹಾಡಿ ಸಹಸ್ರಾರು ಜನರ ಕಣ್ಣುಗಳನ್ನು ತೇವಗೊಳಿಸಿದ ಈ ಮಹನೀಯರ ಚರಿತ್ರೆಯನ್ನು ನಮ್ಮ ನಗರದ ಹರಿಭಕ್ತರು ತಿಳಿದಿರಬೇಕಾದುದು ಯುಕ್ತವೇ ಸರಿ. ಅದರಲ್ಲಿಯೂ ಅವರ ಕೊನೆಯ ಏಳೆಂಟು ವರ್ಷಗಳ ಕಥೆ, ಕಂಠಕ್ಕೆ ವಯಸ್ಸೂ ವ್ಯಾಧಿಯೂ ಒದಗಿದಾಗ ಗಾಯಕನೇನಾಗುತ್ತಾನೆ, ಕೇಳುವವರು ಏನೆನ್ನುತ್ತಾರೆ ಎಂಬುದನ್ನು ಬಹು ಸೂಕ್ಷ್ಮವಾಗಿ ತೋರಿಸುವಂಥದು.

ಖಾನ್ ಸಾಹೇಬರು ಜನಿಸಿದ್ದು 1902ರ ಏಪ್ರಿಲ್ 2ರಂದು, ಅಂದಿನ ಪಂಜಾಬ್ ಪ್ರಾಂತ್ಯದ ಕಸೂರಿನಲ್ಲಿ. ಲಾಹೋರಿಗೆ ಸಮೀಪದ ಈ ಊರು ಸಂಗೀತಗಾರರ ಮನೆತನಗಳಿಗೆ ಹೆಸರಾಗಿತ್ತು. ತಂದೆ ಅಲಿ ಬಕ್ಷ್ ಖಾನ್, ಚಿಕ್ಕಪ್ಪ ಕಾಲೇ ಖಾನ್. ಇಬ್ಬರೂ ಪಟಿಯಾಲಾ ಘರಾಣೆಯ ಗಾನವನ್ನು ಸಾಧಿಸಿದವರು. ಬಾಲಕ ಗುಲಾಂ ಅಲಿಗೆ ಐದಾರು ವರ್ಷಗಳ ಎಳವೆಯಲ್ಲಿಯೇ ಪಾಠ ಆರಂಭವಾಯಿತು. ಚಿಕ್ಕಪ್ಪನೇ ಮೊದಲ ಗುರು. ಹಾಡುಗಾರಿಕೆಯ ಜೊತೆಗೆ ಸಾರಂಗಿಯ ಅಭ್ಯಾಸವೂ ನಡೆಯಿತು. ಮನುಷ್ಯಕಂಠವನ್ನು ಅತ್ಯಂತ ಸಮೀಪದಿಂದ ಅನುಸರಿಸುವ ವಾದ್ಯ ಸಾರಂಗಿ. ಗಾಯಕನ ಉಸಿರು ಎಲ್ಲಿ ಮುಗಿಯುತ್ತದೆ, ಸ್ವರ ಎಲ್ಲಿ ತುಸು ಸಡಿಲವಾಗುತ್ತದೆ, ಮೀಂಡು ಎಷ್ಟು ದೂರ ಸಾಗಬಲ್ಲದು ಎಂಬುದೆಲ್ಲವೂ ಸಾರಂಗಿಯವನಿಗೆ ಅಂಗೈ ನೆಲ್ಲಿ. ಪರರ ಕಂಠದ ಬಲಾಬಲಗಳನ್ನು ಹೀಗೆ ಬಾಲ್ಯದಲ್ಲಿಯೇ ಅಳೆಯಬಲ್ಲವನಾದವನಿಗೆ ಮುಂದೆ ತನ್ನ ಕಂಠದ ಸ್ಥಿತಿಯೂ ಸ್ಪಷ್ಟವಾಗಿ ಕೇಳಿಸಿರಬೇಕಲ್ಲವೇ.

ಅವರು ಅಖಿಲ ಭಾರತ ಮಟ್ಟದ ಕೀರ್ತಿಯನ್ನು ಪಡೆದದ್ದು ತೀರ ಚಿಕ್ಕ ಪ್ರಾಯದಲ್ಲಲ್ಲ. 1938ರ ಹೊತ್ತಿಗೆ ಕಲ್ಕತ್ತೆಯ ಸಮ್ಮೇಳನಗಳಲ್ಲಿ ಅವರ ಹೆಸರು ಕೇಳಿಬಂದಾಗ ಅವರಿಗೆ ಮೂವತ್ತಾರು ವರ್ಷ. 1944ರಲ್ಲಿ ಮುಂಬಯಿಯ ಸಮ್ಮೇಳನದಲ್ಲಿ ಹಾಡಿ ರಸಿಕರನ್ನು ಬೆರಗುಗೊಳಿಸಿದಾಗ ನಲವತ್ತೆರಡು. ಇಂದು ಮನೆಮನೆಗಳಲ್ಲಿ ಕೇಳಲಾಗುವ ಅವರ ಸುಪ್ರಸಿದ್ಧ ಧ್ವನಿಮುದ್ರಣಗಳಲ್ಲಿ ಬಹುಪಾಲು ನಲವತ್ತು ದಾಟಿದ ಅನಂತರದವು. ಇದು ನೆನಪಿಡಬೇಕಾದ ಸಂಗತಿ. ಇದು ಅವರ ಯೌವನದ ಕಂಠವೆಂದು ಜನರು ಭಾವಿಸುವುದು ವಾಸ್ತವವಾಗಿ ನಡುವಯಸ್ಸಿನ ಕಂಠ. ನಿಜವಾದ ಇಪ್ಪತ್ತರ ಹರೆಯದ ಗುಲಾಂ ಅಲಿಯನ್ನು ಕೇಳಿದವರು ಲಾಹೋರು ಕಸೂರುಗಳ ಕೆಲವು ಬೈಠಕ್ಕುಗಳ ಶ್ರೋತೃಗಳು ಮಾತ್ರ.

ಆ ಕಂಠದ ವೈಭವವನ್ನು ವರ್ಣಿಸುವುದು ಸುಲಭವಲ್ಲ. ಭಾರಿ ಮೈಕಟ್ಟು, ದಪ್ಪ ಮೀಸೆ, ಮಲ್ಲನಂತಹ ನಿಲುವು. ಮಡಿಲಲ್ಲಿ ಸ್ವರಮಂಡಲ. ಅಂತಹ ದೇಹದಿಂದ ಹೊರಡುತ್ತಿದ್ದುದು ಬೆಣ್ಣೆಯಂತಹ ನಾದ! ಮಂದ್ರದಿಂದ ಅತಿತಾರದವರೆಗೆ ಮೂರು ಸ್ಥಾಯಿಗಳಲ್ಲಿ ಯಾವ ಆಯಾಸವೂ ತೋರದೆ ಸಂಚರಿಸುವ ಶಕ್ತಿ, ಮಿಂಚಿನ ವೇಗದ ತಾನ್, ಅದಕ್ಕಿಂತಲೂ ವಿಸ್ಮಯಕರವಾದ ಸರಗಮ್. ಪಟಿಯಾಲಾ-ಕಸೂರಿನ ಮನೆಯ ಗಾಯನಕ್ಕೆ ಅವರು ಬೆಹರಾಮ್ ಖಾನಿ ಧ್ರುಪದದ ಘನತೆಯನ್ನೂ ಜಯಪುರದ ಸುತ್ತುಬಳಸಿನ ತಾನ್‌ಗಳನ್ನೂ ಗ್ವಾಲಿಯರಿನ ದೃಢವಾದ ಅಲಂಕಾರಗಳನ್ನೂ ಬೆರೆಸಿದರು. ಖಯಾಲನ್ನು ಗಂಟೆಗಟ್ಟಲೆ ವಿಸ್ತರಿಸುವುದು ಇಂದಿನ ಶ್ರೋತೃಗಳಿಗೆ ಒಗ್ಗದೆಂದು ಭಾವಿಸಿ ಅದನ್ನು ಸಂಕ್ಷೇಪಗೊಳಿಸಿದರು. ಪಂಜಾಬಿ ಅಂಗದ ಠುಮ್ರಿಯನ್ನು ಮಹಾಸಭೆಗಳಿಗೆ ಯೋಗ್ಯವಾಗಿಸಿದರು. ಸಬ್‌ರಂಗ್ ಎಂಬ ಅಂಕಿತದಲ್ಲಿ ತಾವೇ ರಚನೆಗಳನ್ನು ಮಾಡಿದರು. ಅವರ ಗಾನದ ಮೂಲದ್ರವ್ಯ ವೇಗವೆಂದು ಕೆಲವರು ತಿಳಿದಿದ್ದರು. ವಾಸ್ತವದಲ್ಲಿ ಅದು ಸ್ವರದ ಮೃದುತ್ವವಾಗಿತ್ತು. ಇವೆರಡರಲ್ಲಿ ಯಾವುದು ಮುಖ್ಯವೆಂಬ ಪ್ರಶ್ನೆಗೆ ಅವರ ಜೀವನವೇ ಮುಂದೆ ಉತ್ತರ ಹೇಳಬೇಕಾಯಿತು.

1947ರ ದೇಶವಿಭಜನೆ ಅವರ ಬಾಳನ್ನು ಎರಡಾಗಿ ಸೀಳಿತು. ಹುಟ್ಟೂರು ಪಾಕಿಸ್ತಾನದ ಪಾಲಾಯಿತು, ಹಾಡನ್ನು ಪ್ರೀತಿಸುವ ಜನರೆಲ್ಲ ಈಚೆ ಉಳಿದರು. ಕೆಲವು ವರ್ಷ ಆಚೆಗೆ ಹೋಗಿ ಇದ್ದರೂ ಮನಸ್ಸು ಅಲ್ಲಿ ನೆಲೆಗೊಳ್ಳಲಿಲ್ಲ. ಕೊನೆಗೆ ಮೊರಾರ್ಜಿ ದೇಸಾಯಿಯವರ ನೆರವಿನಿಂದ 1957ರಲ್ಲಿ ಭಾರತೀಯ ಪೌರತ್ವ ದೊರೆತು ಮುಂಬಯಿಯ ಮಲಬಾರ್ ಹಿಲ್‌ನಲ್ಲಿ ವಾಸಕ್ಕೆ ಮನೆಯೂ ಲಭಿಸಿತು. ಐವತ್ತೈದರ ಪ್ರಾಯದಲ್ಲಿ, ಇತರರು ವಿಶ್ರಾಂತಿಯನ್ನು ಬಯಸುವ ವೇಳೆಗೆ, ಅವರು ಹೊಸ ದೇಶದ ಪ್ರಜೆಯಾಗಿ ಬದುಕನ್ನು ಪುನರಾರಂಭಿಸಿದರು.

ಈ ಅವಧಿಯ ಒಂದು ಪ್ರಸಂಗ ಲೋಕವಿಖ್ಯಾತ. ಕೆ. ಆಸಿಫ್ ಅವರ ಮುಘಲ್-ಎ-ಆಜಂ ಚಲನಚಿತ್ರದಲ್ಲಿ ತಾನ್‌ಸೇನನ ಕಂಠವಾಗಿ ಹಾಡಬೇಕೆಂಬ ಕೋರಿಕೆ ಬಂದಿತು. ಸಿನಿಮಾ ಹಾಡಿಗೆ ಅವರಿಗೆ ಮನಸ್ಸಿರಲಿಲ್ಲ. ನಿರ್ಮಾಪಕರು ಹಿಂಜರಿಯಲೆಂದು ಒಂದು ಹಾಡಿಗೆ 25,000 ರೂಪಾಯಿ ಕೇಳಿದರೆಂದೂ, ಆಸಿಫ್ ಅದಕ್ಕೂ ಒಪ್ಪಿದರೆಂದೂ ಪ್ರತೀತಿ. ಅಂದಿನ ಅಗ್ರಗಣ್ಯ ಹಿನ್ನೆಲೆ ಗಾಯಕರ ಸಂಭಾವನೆ ಹಾಡೊಂದಕ್ಕೆ ಐದುನೂರು ರೂಪಾಯಿಗೂ ಕಡಿಮೆಯಿತ್ತು. ನೌಷಾದರ ಸಂಗೀತದಲ್ಲಿ ಸೋಹನಿ ಮತ್ತು ರಾಗೇಶ್ರೀ ರಾಗಗಳ ಎರಡು ರಚನೆಗಳನ್ನು ಖಾನ್ ಸಾಹೇಬರು ಹಾಡಿದರು. ಚಿತ್ರವು 1960ರಲ್ಲಿ ತೆರೆಕಂಡಾಗ ಅವರಿಗೆ ಐವತ್ತೆಂಟು ವರ್ಷ. ತೆರೆಯ ಮೇಲೆ ಯುವರಾಜನ ಪ್ರಣಯದ ರಾತ್ರಿ, ಹಿನ್ನೆಲೆಯಲ್ಲಿ ಅರವತ್ತರ ಸಮೀಪದ ಕಂಠ. ಅದನ್ನು ಮುದುಕನ ಧ್ವನಿಯೆಂದು ಪ್ರೇಕ್ಷಕರಲ್ಲಿ ಯಾರೂ ಹೇಳಲಿಲ್ಲ. ವಯಸ್ಸನ್ನು ತಿಳಿದ ಮೇಲೆಯೇ ಕಿವಿಗೆ ವಯಸ್ಸು ಕೇಳಿಸಲಾರಂಭಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ದೊರೆಯದು. 1962ರಲ್ಲಿ ಸಂಗೀತ ನಾಟಕ ಅಕಾದೆಮಿಯ ಪುರಸ್ಕಾರವೂ ಪದ್ಮಭೂಷಣವೂ ಅವರಿಗೆ ಸಂದವು.

ಆದರೆ ಅಷ್ಟರಲ್ಲಿ ವಿಧಿಯ ಆಟ ಬೇರೆಯೇ ಆಗಿತ್ತು. 1960ರ ದಶಕದ ಆದಿಭಾಗದಲ್ಲಿ ಖಾನ್ ಸಾಹೇಬರಿಗೆ ಪಾರ್ಶ್ವವಾಯು ಬಡಿಯಿತು. ದೇಹದ ಒಂದು ಭಾಗ ಸ್ವಾಧೀನ ತಪ್ಪಿತು.

ಇಲ್ಲಿ ಕಂಠದ ಸ್ವಭಾವವನ್ನು ಕುರಿತು ಎರಡು ಮಾತು ಹೇಳುವುದು ಅಪ್ರಸ್ತುತವಾಗದು. ಹಾಡಿಗೆ ಬೇಕಾದ ಮೊದಲ ಬಂಡವಾಳ ಉಸಿರು. ವಯಸ್ಸಾದಂತೆ ಎದೆಗೂಡಿನ ನಮ್ಯತೆ ತಗ್ಗಿ, ಶ್ವಾಸಕೋಶಗಳು ಹಿಡಿಯುವ ಗಾಳಿಯ ಪ್ರಮಾಣ ಕಡಿಮೆಯಾಗುತ್ತದೆ. ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದ ಸಾಲು ಎರಡಾಗಿ ಒಡೆಯುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಕ್ರಮೇಣ ಗಟ್ಟಿಯಾಗುತ್ತವೆ, ಧ್ವನಿತಂತುಗಳ ಸ್ನಾಯುಗಳು ತೆಳುವಾಗುತ್ತವೆ. ಅವು ಪೂರ್ಣವಾಗಿ ಕೂಡದೆ ನಡುವೆ ಗಾಳಿ ಸೋರಿ ಸ್ವರದಲ್ಲಿ ಉಸಿರಿನ ಸದ್ದು ಬೆರೆಯುತ್ತದೆ. ನಿಲ್ಲಿಸಿದ ಸ್ವರ ಸಣ್ಣಗೆ ತೂಗಾಡುತ್ತದೆ. ಸ್ತ್ರೀಯರ ಧ್ವನಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಪುರುಷರದು ಇಳಿವಯಸ್ಸಿನಲ್ಲಿ ತುಸು ಮೇಲಕ್ಕೇರಿ ತೆಳುವಾಗುವುದುಂಟು. ಯಾವ ಭಜನಾ ಮಂಡಳಿಯಲ್ಲಿಯೂ ಇದನ್ನು ಕಾಣಬಹುದು. ಹಿಂದೆ ಐದೂವರೆ ಶ್ರುತಿಗೆ ಸಲೀಸಾಗಿ ದೇವರನಾಮ ಹೇಳುತ್ತಿದ್ದ ಹಿರಿಯ ಹೆಂಗಸರು ಈಗ ನಾಲ್ಕೂವರೆಗೆ ಇಳಿಸಿರೆಂದು ಹಾರ್ಮೋನಿಯಂನವರಿಗೆ ಕಣ್ಸನ್ನೆ ಮಾಡುತ್ತಾರೆ. ಶ್ರುತಿಯನ್ನು ಹೀಗೆ ತನ್ನ ದೇಹಕ್ಕೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ನಮ್ಮ ಸಂಗೀತದ ಭಾಗ್ಯ. ಪಾಶ್ಚಾತ್ಯ ಸಂಗೀತ ನಾಟಕದ ಗಾಯಕನಿಗೆ ಈ ಅನುಕೂಲ ಇಲ್ಲ. ಬರೆದಿಟ್ಟ ಸ್ಥಾಯಿಯನ್ನು ಮುಟ್ಟಲೇಬೇಕು, ವಾದ್ಯವೃಂದದ ಘೋಷವನ್ನು ಮೀರಿ ಕೇಳಿಸಲೇಬೇಕು. ಆದುದರಿಂದಲೇ ಅಲ್ಲಿ ಗಾಯಕರು ವೇದಿಕೆಯಿಂದ ಬೇಗ ನಿವೃತ್ತರಾಗುತ್ತಾರೆ; ಇಲ್ಲಿ ಎಂಬತ್ತರ ವೃದ್ಧರೂ ತಂಬೂರಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುತ್ತಾರೆ.

ಪಾರ್ಶ್ವವಾಯು ಮಾತ್ರ ವಯಸ್ಸಿನಂತೆ ಮೆಲ್ಲಮೆಲ್ಲನೆ ಬರುವ ಅತಿಥಿಯಲ್ಲ. ಅದು ಒಂದೇ ದಿನದಲ್ಲಿ ಮೂವತ್ತು ವರ್ಷಗಳನ್ನು ದೇಹದ ಮೇಲೆ ಹೇರುತ್ತದೆ. ಉಸಿರಿನ ಹಿಡಿತ, ನಾಲಿಗೆ ತುಟಿಗಳ ಚಲನೆ, ನೆಟ್ಟಗೆ ಕುಳಿತುಕೊಳ್ಳುವ ಬಲ, ಎಲ್ಲಕ್ಕೂ ಧಕ್ಕೆ ಬರಬಹುದು. ಕನ್ನಡ ನಾಡಿಗೆ ಈ ವ್ಯಾಧಿಯ ಕಥೆ ಹೊಸತಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಅಂದರೆ ರಾಮಚಂದ್ರ ಕುಂದಗೋಳಕರರು (1886–1952), ಇದೇ ಪಾರ್ಶ್ವವಾಯುವಿನಿಂದ ಪೀಡಿತರಾಗಿ ಸಾರ್ವಜನಿಕ ಗಾಯನವನ್ನು ನಿಲ್ಲಿಸಬೇಕಾಯಿತು. ಅವರ ಗಾನ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಮೊದಲಾದ ಶಿಷ್ಯರ ಕಂಠದಲ್ಲಿ ಮುಂದುವರಿಯಿತು. ಖಾನ್ ಸಾಹೇಬರೂ ಹಾಗೆಯೇ ಮೌನವಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕೀರ್ತಿ ಸಂಪಾದನೆಯಾಗಿತ್ತು, ಪ್ರಶಸ್ತಿಗಳು ಬಂದಿದ್ದವು, ಧ್ವನಿಮುದ್ರಣಗಳು ಉಳಿದಿದ್ದವು.

ಅವರು ಮೌನವನ್ನು ಆರಿಸಿಕೊಳ್ಳಲಿಲ್ಲ. ಚಿಕಿತ್ಸೆಯ ಬಳಿಕ ಮತ್ತೆ ಹಾಡತೊಡಗಿದರು. ಹತ್ತಾರು ವರ್ಷ ಅಪ್ರಯತ್ನವಾಗಿ ಒದಗಿದ್ದ ಸ್ವರವನ್ನು ಅರವತ್ತು ದಾಟಿದ ಮೇಲೆ ಪ್ರಯತ್ನಪೂರ್ವಕವಾಗಿ ಹುಡುಕಿಕೊಳ್ಳುವುದು ಸಾಮಾನ್ಯ ಸಾಹಸವಲ್ಲ. ಮತ್ತೆ ವೇದಿಕೆಯನ್ನು ಏರಿದರು, ಸಭೆಗಳಲ್ಲಿ ಹಾಡಿದರು. ಬದಿಯಲ್ಲಿ ಮಗ ಮುನವ್ವರ್ ಅಲಿ ಖಾನ್ ಇರುತ್ತಿದ್ದರು. 1930ರಲ್ಲಿ ಜನಿಸಿದ ಮುನವ್ವರ್ ಅವರು ಬಹುಕಾಲದಿಂದ ತಂದೆಯ ಸಹಗಾಯಕರು. ಹಿಂದುಸ್ತಾನಿ ಪದ್ಧತಿಯಲ್ಲಿ ಶಿಷ್ಯನು ಗುರುವಿನ ಹಿಂದೆ ಕುಳಿತು ತಂಬೂರಿಯನ್ನು ಮೀಟುತ್ತ, ಗುರುವು ಬಿಟ್ಟ ಎಡೆಯಲ್ಲಿ ಸ್ವರ ತುಂಬುವುದು ವಾಡಿಕೆ. ಗುರು ದೃಢವಾಗಿದ್ದಾಗ ಅದು ಶಿಷ್ಯನಿಗೆ ಶಿಕ್ಷಣ. ಗುರು ಕುಗ್ಗಿದಾಗ ಅದು ಗುರುವಿಗೆ ಆಧಾರ. ಪದ್ಧತಿ ಒಂದೇ, ಅರ್ಥ ಮಾತ್ರ ತಲೆಕೆಳಗು. ಈ ಕಾರ್ಯದ ಕಷ್ಟವನ್ನು ಹಾಡಿದವರೇ ಬಲ್ಲರು. ಎಲ್ಲಿ ತುಂಬಬೇಕು, ಎಲ್ಲಿ ತುಂಬಬಾರದು ಎಂಬ ವಿವೇಕ ಬೇಕು. ಹೆಚ್ಚು ತುಂಬಿದರೆ ತಂದೆಯ ಸೋಲು ಸಭೆಗೆ ಎದ್ದು ಕಾಣುತ್ತದೆ. ಕಡಿಮೆಯಾದರೆ ರಾಗದ ನಡೆ ನಿಲ್ಲುತ್ತದೆ. ಯೌವನದ ಪೂರ್ಣ ಕಂಠವಿದ್ದೂ ಅದನ್ನು ತಂದೆಯ ಸ್ವರದ ನೆರಳಿನಲ್ಲಿ ಅಡಗಿಸಿಟ್ಟುಕೊಂಡ ಮುನವ್ವರರ ಸೇವೆಯನ್ನು ಪಿತೃಭಕ್ತಿಯ ದೃಷ್ಟಾಂತವಾಗಿ ನಮ್ಮ ಮಕ್ಕಳಿಗೆ ಹೇಳಬಹುದಾಗಿದೆ.

ಇಂತಹ ಸಂದರ್ಭದಲ್ಲಿ ಶ್ರೋತೃವರ್ಗ ಎರಡಾಗುವುದು ಸಹಜ. ಒಂದು ವರ್ಗ ಹಿಂದಿನ ಧ್ವನಿಯನ್ನು ಕಿವಿಯಲ್ಲಿಟ್ಟುಕೊಂಡೇ ಸಭೆಗೆ ಬರುತ್ತದೆ. ಅವರು ಕೇಳುವುದು ಎದುರಿನ ಗಾಯಕನನ್ನಲ್ಲ, ಎದುರಿನ ಗಾಯಕನಿಗೂ ತಮ್ಮ ನೆನಪಿಗೂ ನಡುವಿನ ವ್ಯತ್ಯಾಸವನ್ನು. ಧ್ವನಿಮುದ್ರಿಕೆಗಳು ಬಂದ ಮೇಲೆ ಈ ಪ್ರವೃತ್ತಿ ಬಲಗೊಂಡಿತು. ತಾನ್‌ಸೇನನ ಮುಪ್ಪಿನ ಧ್ವನಿಯನ್ನು ಅವನ ಹರೆಯದ ಧ್ವನಿಯೊಡನೆ ಒರೆಗೆ ಹಚ್ಚಲು ಅಕ್ಬರನ ಬಳಿ ಸಾಧನವಿರಲಿಲ್ಲ. ಗ್ರಾಮೊಫೋನ್ ಇದ್ದ ಯಾವ ಗೃಹಸ್ಥನಿಗೂ ಗುಲಾಂ ಅಲಿಯವರ ಮಾಲ್ಕೌಂಸ್ ಗುಣಕಲಿಗಳು ಬೇಕೆಂದಾಗ ಲಭ್ಯ. ತಾನು ಹಿಂದೆ ಹಾಡಿದ್ದರೊಡನೆ ತಾನೇ ಪ್ರತಿದಿನ ಸ್ಪರ್ಧಿಸಬೇಕಾದ ಮೊದಲ ತಲೆಮಾರಿನ ಗಾಯಕರಲ್ಲಿ ಅವರೂ ಒಬ್ಬರು. ಇನ್ನೊಂದು ವರ್ಗ ಮರುಕದಿಂದ ಕೇಳುತ್ತದೆ. ಪಾಪ, ಈ ಸ್ಥಿತಿಯಲ್ಲೂ ಹಾಡುತ್ತಾರಲ್ಲ ಎಂದು ಕಣ್ಣೊರೆಸಿಕೊಂಡು ಹಾಡು ಹೇಗಿತ್ತೆಂಬುದನ್ನು ಗಮನಿಸದೆ ಎದ್ದು ಹೋಗುತ್ತದೆ. ಮೊದಲನೆಯದು ನಿರ್ದಯ, ಎರಡನೆಯದು ಸದಯವಾದರೂ ಗಾಯಕನಿಗೆ ಅದರಿಂದ ಆಗುವ ಅನ್ಯಾಯ ಕಡಿಮೆಯದಲ್ಲ. ಇಬ್ಬರೂ ಆ ದಿನದ ಸ್ವರವನ್ನು ಕೇಳಿಸಿಕೊಂಡಿರುವುದಿಲ್ಲ.

ನಮ್ಮಲ್ಲಿ ಇನ್ನೊಂದು ಮಾತು ರೂಢಿಯಲ್ಲಿದೆ. ಭಗವಂತನ ನಾಮಕ್ಕೆ ಕಂಠ ಮುಖ್ಯವಲ್ಲ, ಭಕ್ತಿಯೇ ಮುಖ್ಯ ಎಂಬುದು. ಸಾಧಕನ ದೃಷ್ಟಿಯಿಂದ ಅದು ನಿಜ. ಸಂಕೀರ್ತನೆಗೆ ಕುಳಿತ ಅಜ್ಜಿಯ ಒಡಕು ದನಿಯನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಈ ಮಾತನ್ನು ಖಾನ್ ಸಾಹೇಬರಂತಹ ನಾದೋಪಾಸಕರಿಗೆ ರಿಯಾಯಿತಿಯಂತೆ ನೀಡುವುದು ಸಲ್ಲದು. ಸ್ವರಶುದ್ಧಿಯೇ ಅವರ ನಿಷ್ಠೆಯಾಗಿತ್ತು. ದೇಹದ ಅರ್ಧಭಾಗ ಸಹಕರಿಸದಿದ್ದಾಗಲೂ ಷಡ್ಜವು ಷಡ್ಜದ ಸ್ಥಾನದಲ್ಲಿಯೇ ನಿಲ್ಲಬೇಕೆಂಬುದೇ ಅವರ ಹೋರಾಟ. ಭಾವವಿದ್ದರೆ ಸಾಕೆಂದು ಅವರು ತಮಗೆ ತಾವು ಹೇಳಿಕೊಂಡಿದ್ದರೆ ಮರಳಿ ಅಭ್ಯಾಸಕ್ಕೆ ಕುಳಿತುಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಇಳಿವಯಸ್ಸಿನ ಕಂಠವೆಲ್ಲ ನಷ್ಟವೇ ಎಂದು ತಿಳಿಯುವುದೂ ತಪ್ಪು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಧ್ವನಿಮುದ್ರಿಕೆಗಳಲ್ಲಿ ತೆಳುವಾದ, ಎತ್ತರದ ಹೆಣ್ಣುದನಿ ಇದೆ. ಗಂಟಲಿನ ತೊಂದರೆ ಮತ್ತು ಚಿಕಿತ್ಸೆಯ ತರುವಾಯ ಅದು ಗಂಭೀರವಾಯಿತು. ಅದು ಗಂಡುದನಿಯೆಂದು ಅಚ್ಚರಿಪಟ್ಟವರಿದ್ದರು; ಅದೇ ಧ್ವನಿಗೆ ನಾಡು ಅರ್ಧ ಶತಮಾನ ತಲೆದೂಗಿತು. ಮಲ್ಲಿಕಾರ್ಜುನ ಮನಸೂರರಿಗೆ (1910–1992) ಅಖಿಲ ಭಾರತ ಕೀರ್ತಿ ದೊರೆತದ್ದು ಇಳಿವಯಸ್ಸಿನಲ್ಲಿ. ಎಪ್ಪತ್ತು ದಾಟಿದ ಆ ಕೃಶಕಾಯರ ರಾಗಗಳನ್ನು ಕೇಳಲು ತರುಣರು ಸಾಲುಗಟ್ಟಿದರು. ನಮ್ಮ ಮನೆಗಳಿಗೆ ದಾಸವಾಣಿಯನ್ನು ತಂದುಕೊಟ್ಟ ಭೀಮಸೇನ ಜೋಶಿಯವರು ಎಂಬತ್ತೈದರ ಪ್ರಾಯದಲ್ಲಿ, ಅನಾರೋಗ್ಯದ ನಡುವೆಯೂ, 2007ರಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಹಾಡಿದರು. ತಾನ್‌ಗಳ ಸಿಡಿಲು ಕಡಿಮೆಯಾದಾಗ ಒಂದೊಂದು ಸ್ವರದ ಮೇಲೆ ನಿಲ್ಲುವ ಧೈರ್ಯ ಹೆಚ್ಚುತ್ತದೆ. ವೇಗವಿದ್ದಾಗ ಅದರ ಹಿಂದೆ ಮರೆಯಾಗಿದ್ದ ಚಿಂತನೆ ಆಗ ಬರಿಗಣ್ಣಿಗೆ ಕಾಣುತ್ತದೆ. ಖಾನ್ ಸಾಹೇಬರ ವಿಷಯದಲ್ಲಿಯೂ ಹೀಗೆಯೇ ಯೋಚಿಸಬೇಕು. ಅವರ ಗಾನದ ಜೀವಾಳವು ವೇಗವೇ ಆಗಿದ್ದಿದ್ದರೆ ಪಾರ್ಶ್ವವಾಯುವಿನೊಡನೆ ಅದು ಮುಗಿದುಹೋಗಬೇಕಾಗಿತ್ತು. ಕೊನೆಯವರೆಗೂ ಅವರನ್ನು ಜನರು ಕರೆಸಿ ಕೇಳಿದರೆಂದರೆ ಉಳಿದುಕೊಂಡದ್ದು ಬೇರೇನೋ ಇದ್ದಿರಬೇಕು.

ಈ ದಿನಗಳಲ್ಲಿಯೇ ಅವರಿಗೆ ಹೈದರಾಬಾದಿನ ಆಸರೆ ಒದಗಿತು. ಪೈಗಾ ಮನೆತನದ ನವಾಬ್ ಜಹೀರ್ ಯಾರ್ ಜಂಗ್ ಅವರು ಸಂಗೀತರಸಿಕರು. ಅವರ ಅತಿಥಿಯಾಗಿ ಖಾನ್ ಸಾಹೇಬರು ಬಶೀರ್‌ಬಾಗ್ ಅರಮನೆಯಲ್ಲಿ ನೆಲೆಸಿದರು. ನಿಜಾಮರ ಆಳ್ವಿಕೆ ಮುಗಿದು ಎರಡು ದಶಕಗಳಾಗುತ್ತ ಬಂದಿತ್ತು. ಜಾಗೀರುಗಳು ಹೋಗಿದ್ದವು, ದರ್ಬಾರುಗಳು ಬರಿದಾಗಿದ್ದವು. ವೈಭವ ಕಳೆದ ಅರಮನೆಯಲ್ಲಿ ದೇಹಬಲ ಕಳೆದ ಗಾಯಕ. ಆದರೂ ಆತಿಥ್ಯಕ್ಕೆ ಕೊರತೆಯಾಗಲಿಲ್ಲ, ಸ್ವರಕ್ಕೂ ವಿರಾಮವಿರಲಿಲ್ಲ. ವಯೋವೃದ್ಧ ಕಲಾವಿದನನ್ನು ಸಭೆಗೆ ಕರೆಸಿ ಶಾಲು ಹೊದಿಸುವವರು ಬಹಳ. ಔಷಧ, ಪಥ್ಯ, ಆರೈಕೆಗಳ ಭಾರವನ್ನು ಹೊತ್ತು ಮನೆಯಲ್ಲಿ ಇರಿಸಿಕೊಳ್ಳುವವರು ವಿರಳ. ಈ ಪುಣ್ಯದಲ್ಲಿ ನಮ್ಮ ನಗರಕ್ಕೂ ಪಾಲು ಬಂದಿತೆನ್ನುವುದು ಹೆಮ್ಮೆಯ ವಿಷಯ.

1968ರ ಏಪ್ರಿಲಿನಲ್ಲಿ, ತಮ್ಮ ಅರವತ್ತಾರನೆಯ ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಸಂಗೀತಗಾರರ ಲೆಕ್ಕದಲ್ಲಿ ಅದು ಮುಪ್ಪೆನ್ನುವಷ್ಟು ವಯಸ್ಸೂ ಅಲ್ಲ. ಹಳೆಯ ನಗರದ ದಾಯಿರಾ ಮೀರ್ ಮೋಮಿನ್‌ನಲ್ಲಿ ಅವರ ಸಮಾಧಿ ಇದೆ. 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಶಾಹನು ಈ ನಗರವನ್ನು ಸ್ಥಾಪಿಸಿದಾಗ ಅದರ ವಿನ್ಯಾಸ ರೂಪಿಸಿದವರೆಂದು ಹೆಸರಾದ ಮೀರ್ ಮೋಮಿನರು ಕಾದಿಟ್ಟ ರುದ್ರಭೂಮಿ ಅದು. ಕಸೂರಿನಲ್ಲಿ ಹುಟ್ಟಿ, ಲಾಹೋರು, ಕಲ್ಕತ್ತೆ, ಮುಂಬಯಿಗಳನ್ನು ಸುತ್ತಿದ ಜೀವಕ್ಕೆ ಅಂತಿಮ ವಿಶ್ರಾಂತಿ ಮೂಸಿ ನದಿಯ ತೀರದ ಈ ನಗರದಲ್ಲಿ ದೊರೆಯಿತು.

ತಂದೆಯ ನಿಧನಾನಂತರ ಮುನವ್ವರ್ ಅಲಿ ಖಾನರು ಒಂಟಿಯಾಗಿ ಹಾಡಬೇಕಾಯಿತು. ಇಷ್ಟು ಕಾಲವೂ ಇನ್ನೊಬ್ಬರ ಉಸಿರಿನ ಅಳತೆಗೆ ತಮ್ಮ ಉಸಿರನ್ನು ಹೊಂದಿಸಿಕೊಂಡಿದ್ದವರಿಗೆ ಆ ಕಾರ್ಯ ಸುಲಭವಾಗಿರಲಿಕ್ಕಿಲ್ಲ. ಅವರು 1989ರವರೆಗೆ ಬಾಳಿದರು. ಪಂಡಿತ ಅಜಯ್ ಚಕ್ರವರ್ತಿಯವರಂತಹ ಶಿಷ್ಯರನ್ನು ಸಿದ್ಧಗೊಳಿಸಿದರು. ಪಟಿಯಾಲಾ-ಕಸೂರಿನ ಆ ಗಾನ ಈಗ ಅವರ ಮತ್ತು ಅವರ ಶಿಷ್ಯರ ಕಂಠಗಳಲ್ಲಿ ಸಾಗಿದೆ.